ನಿಬಂಧದ ತಾಸು

ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಶಾಲೆಯ ಏಳಿಗೆಯ ವರದಿ, ಇಲ್ಲವೆ ಬಾಲಿಕೆಯರಿಗೆ ನಾಲ್ಕು ಹಿತವಚನಗಳು ಎಂಬ ರೂಢಿಯಿರುವದು. ವರದಿಯನ್ನು ಕಾರ್ಯದರ್ಶಿಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಕೊಟ್ಟಿರುವರು. ಹಿತವಚನಗಳನ್ನಂತೂ ನಮ್ಮ ಹುಡುಗಿಯರು ಪ್ರತಿದಿನವೂ ಪ್ರಾರ್ಥನೆಯ ಹೊತ್ತಿನಲ್ಲಿ ಕೇಳುತ್ತಲೇ ಇರುವರು. ಆದುದರಿಂದ ಸಂಪಾದಕ ಮಂಡಲಿಯವರ ಅಪ್ಪಣೆಯನ್ನು ಪಡೆದು, ಪಾಲಕರೂ ಹೊಸ ಶಿಕ್ಷಕಿಯರೂ ನಮ್ಮನ್ನು ಮೇಲಿಂದ ಮೇಲೆ ಕೇಳುವ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವೆವು.

ಸಾಹಿತ್ಯದ ಪಾಠದಲ್ಲಿ ಲೋಕದ ನ್ಯಾಯಾನ್ಯಾಯಗಳ ಮಾತು ಬರಬಹುದೆ? ರಾಜಕಾರಣವು ಶಾಲೆಯ ಹೊಸ್ತಿಲನ್ನು ದಾಟಬಹುದೆ? ಇದೇ ಆ ಪ್ರಶ್ನೆ. ಕೂಡದೆನ್ನುವವರು, ಶಿಕ್ಷಕಿಯ ಕೆಲಸವು ಪದ್ಯದ ಅರ್ಥ, ವ್ಯಾಕರಣ, ಶುದ್ಧಲೇಖನ ಇವಿಷ್ಟೇ. ಮಿಕ್ಕುದು ದೊಡ್ಡವರ ಪಾಡು ಎನ್ನುವರು. ಬೇಕೆನ್ನುವವರು, ಅನ್ಯಾಯವನ್ನು ಕಂಡು ಸುಮ್ಮನಿರುವ ಶಿಕ್ಷಕಿಯು ಸಪ್ಪಗಾದ ಉಪ್ಪಿನಂತೆ ಯಾತಕ್ಕೂ ಬಾರದವಳು ಎನ್ನುವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಈ ವಾದವು ಬಹುಮಟ್ಟಿಗೆ ಶಿಕ್ಷಕಿಯ ಬಾಯಿಯನ್ನು ಕುರಿತದ್ದು. ಅವಳು ಮಾತಾಡಬೇಕೋ, ಬಾಯಿ ಮುಚ್ಚಿಕೊಂಡಿರಬೇಕೋ ಎಂಬಷ್ಟೇ ಅದರ ವ್ಯಾಪ್ತಿ. ವಿದ್ಯಾರ್ಥಿನಿಯ ಲೇಖಣಿಯ ವಿಚಾರವನ್ನು ಯಾರೂ ಮಾಡುವದಿಲ್ಲ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟ ಅನುಭವದಿಂದ ನಮಗೆ ತೋರುವದೇನೆಂದರೆ, ಈ ಪ್ರಶ್ನೆಯ ಉತ್ತರವನ್ನು ನಿಬಂಧದ ತಾಸಿನಲ್ಲಿ ಹುಡುಕಬೇಕು.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುವದು ಯುಕ್ತವು. ತರಬೇತಿಯನ್ನು ಮುಗಿಸಿಕೊಂಡು ಬೇರೊಂದು ಊರಿನ ಶಾಲೆಯಲ್ಲಿ ಕನ್ನಡ ಶಿಕ್ಷಕಿಯಾಗಿ ಸೇರಿದ ಮೊದಲನೆಯ ವರ್ಷ ಅದು. ಒಂಬತ್ತನೆಯ ಇಯತ್ತೆಗೆ ‘ನಮ್ಮ ಊರು’ ಎಂಬ ವಿಷಯವನ್ನು ಕೊಟ್ಟು, ಊರಿನ ಸ್ಥಳ, ಬೆಳೆ, ಕೆರೆ, ಗುಡಿ, ಜಾತ್ರೆ, ಉಪಸಂಹಾರ ಎಂದು ಹಲಗೆಯ ಮೇಲೆ ಅಂಶಗಳನ್ನು ಬರೆದೆವು. ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ಒಬ್ಬ ಬಾಲಿಕೆಯು ಸ್ಥಳವನ್ನೂ ಬೆಳೆಯನ್ನೂ ಎರಡು ಸಾಲುಗಳಲ್ಲಿ ಮುಗಿಸಿ, ಊರ ಅಗಸೆಯ ಬಳಿಯ ಚಹಾದ ಅಂಗಡಿಯನ್ನು ವರ್ಣಿಸಿದ್ದಳು. ಆ ಅಂಗಡಿಯಲ್ಲಿ ಅವಳ ಕೇರಿಯವರಿಗಾಗಿ ಕಪ್ಪು-ಬಸಿಗಳನ್ನು ಬೇರೆಯಾಗಿ ಹೊರಗಣ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಕುಡಿದವರೇ ಅವನ್ನು ತೊಳೆದು ಇಡಬೇಕು. ತಂದೆಯ ಸಂಗಡ ಸಂತೆಗೆ ಹೋದ ದಿನ, ಆತನು ಕಪ್ಪನ್ನು ತೊಳೆದು ಬೋರಲಾಗಿ ಇಡುವಾಗ ಒಮ್ಮೆಯೂ ತನ್ನ ಮುಖವನ್ನು ನೋಡಲಿಲ್ಲವೆಂದು ಅವಳು ಬರೆದಿದ್ದಳು.

ನಾವು ಮಾಡಿದುದೇನು? ಕೆಂಪು ಮಸಿಯಿಂದ ಅಂಚಿನಲ್ಲಿ ‘ವಿಷಯಾಂತರ’ ಎಂದು ಬರೆದು, ಕೊಟ್ಟ ಅಂಶಗಳನ್ನು ಅನುಸರಿಸತಕ್ಕದ್ದೆಂದು ಸೂಚಿಸಿ, ಮೂರು ಕಾಗುಣಿತದ ತಪ್ಪುಗಳನ್ನು ತಿದ್ದಿ, ಹತ್ತಕ್ಕೆ ನಾಲ್ಕು ಗುಣಗಳನ್ನು ಕೊಟ್ಟೆವು. ನಮಗೆ ಆ ಹುಡುಗಿಯ ಮೇಲೆ ಕೋಪವಿರಲಿಲ್ಲ. ಅನ್ಯಾಯವನ್ನು ಮುಚ್ಚಬೇಕೆಂಬ ಬುದ್ಧಿಯೂ ಇರಲಿಲ್ಲ. ನಿಬಂಧವೆಂದರೆ ಹೀಗಿರಬೇಕೆಂದು ನಮಗೆ ಕಲಿಸಿದ್ದರು. ನಾವು ಹಾಗೆಯೇ ಕಲಿಸಿದೆವು. ಎರಡು ವಾರಗಳ ತರುವಾಯ ‘ಮಳೆಗಾಲ’ ಎಂಬ ವಿಷಯವನ್ನು ಕೊಟ್ಟಾಗ ಅವಳು ಗೈಡು ಪುಸ್ತಕದಿಂದ ನವಿಲುಗಳ ಕುಣಿತವನ್ನೂ ರೈತನ ಹರ್ಷವನ್ನೂ ಅಂದವಾದ ಅಕ್ಷರಗಳಲ್ಲಿ ಎತ್ತಿ ಬರೆದಳು. ಮಳೆ ಬಂದರೆ ಅವಳ ಮನೆ ಸೋರುವದೆಂಬದು ಶಾಲೆಗೆಲ್ಲ ಗೊತ್ತಿದ್ದಿತು. ನಾವು ಹತ್ತಕ್ಕೆ ಎಂಟು ಗುಣಗಳನ್ನು ಕೊಟ್ಟೆವು. ಅಲ್ಲಿಂದ ಮುಂದೆ ವರ್ಷದ ಕೊನೆಯವರೆಗೂ ಅವಳು ತನ್ನದೆಂಬ ಒಂದು ವಾಕ್ಯವನ್ನೂ ನಮಗೆ ಬರೆದುಕೊಡಲಿಲ್ಲ.

ಇದರಲ್ಲಿ ಇನ್ನೊಂದು ಸಂಗತಿಯುಂಟು. ಅದೇ ತಿಂಗಳು, ಅದೇ ತರಗತಿಯಲ್ಲಿ, ಮನುಷ್ಯಜಾತಿಯು ಒಂದೇ ಎಂಬ ಪಂಪಕವಿಯ ಮಾತನ್ನು ನಾವು ಕಲಿಸಿದ್ದೆವು. ಹತ್ತನೆಯ ಶತಮಾನದಲ್ಲಿಯೇ ನಮ್ಮ ಭಾಷೆಯ ಆದಿಕವಿಯು ಹೀಗೆ ಹೇಳಿದನೆಂದು ಹೆಮ್ಮೆಪಟ್ಟು, ಸಂದರ್ಭದೊಡನೆ ವಿವರಿಸಲು ಪ್ರಶ್ನೆಯನ್ನೂ ಕೊಟ್ಟಿದ್ದೆವು. ಹುಡುಗಿಯರು ಬಾಯಿಪಾಠ ಮಾಡಿ ಬರೆದು ಪೂರ್ಣ ಗುಣಗಳನ್ನು ಪಡೆದಿದ್ದರು. ಪಂಪನ ಮಾತು ಸತ್ಯವಾದರೆ ಆ ಗೋಡೆಯ ಗೂಡಿನ ಕಪ್ಪು ಅಲ್ಲಿ ಏಕಿರುವದು? ಈ ಪ್ರಶ್ನೆಯನ್ನು ಕೇಳಿದವಳು ತರಗತಿಯಲ್ಲಿ ಅವಳೊಬ್ಬಳೇ. ಅವಳ ವಹಿಯ ಮೇಲೆಯೇ ಕೆಂಪು ಗೆರೆ ಬಿದ್ದಿತು.

ಈ ತಪ್ಪಿನ ಆಳವು ನಮಗೆ ತಿಳಿದುದು ಕೆಲವು ವರ್ಷಗಳಾದ ಮೇಲೆ, ಒಂದು ಹಳೆಯ ಮರಾಠಿ ನಿಬಂಧವನ್ನು ಓದಿದಾಗ. ಅದನ್ನು ಬರೆದವಳು ಪುಣೆಯ ಒಬ್ಬ ಶಾಲಾಬಾಲಿಕೆ. ಹೆಸರು ಮುಕ್ತಾ ಸಾಳ್ವೆ. ವಯಸ್ಸು ಹದಿನಾಲ್ಕರ ಸುಮಾರು, ಮಾಂಗ ಜಾತಿಯವಳು. ಬರಹವು ಅಚ್ಚಾದುದು 1855ರಲ್ಲಿ. ಅವಳು ಕಲಿತ ಶಾಲೆಯ ವೃತ್ತಾಂತವನ್ನು ವಾಚಕರಿಗೆ ಇಲ್ಲಿ ಸಂಕ್ಷೇಪವಾಗಿ ಹೇಳಬೇಕಾಗಿದೆ.

ಸಾವಿತ್ರಿಬಾಯಿ ಫುಲೆಯವರು 1831ನೆಯ ಜನವರಿ 3ರಂದು ಸಾತಾರಾ ಸೀಮೆಯ ನಾಯಗಾವದಲ್ಲಿ ಹುಟ್ಟಿದರು. ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಪತಿಗಳಾದ ಜೋತಿರಾವ ಫುಲೆಯವರು ಪುಣೆಯ ಸ್ಕಾಟಿಶ್ ಮಿಶನ್ ಶಾಲೆಯಲ್ಲಿ ಕಲಿತವರು. ಥಾಮಸ್ ಪೇನ್ ಎಂಬ ಲೇಖಕನು ಮನುಷ್ಯರ ಹಕ್ಕುಗಳನ್ನು ಕುರಿತು ಬರೆದ ಪುಸ್ತಕವನ್ನು ಓದಿ ಮನಸ್ಸು ತಿರುಗಿಸಿಕೊಂಡವರು. ಅಹಮದನಗರದಲ್ಲಿ ಅಮೇರಿಕನ್ ಮಿಶನ್ನಿನ ಕುಮಾರಿ ಸಿಂಥಿಯಾ ಫರಾರ್ ಅವರು ನಡೆಸುತ್ತಿದ್ದ ಬಾಲಿಕೆಯರ ಶಾಲೆಯನ್ನು ಕಂಡು, ತಮ್ಮ ಊರಿನಲ್ಲಿಯೂ ಹೀಗೆ ಆಗಬೇಕೆಂದು ಅವರು ನಿಶ್ಚಯಿಸಿದರು. ಮನೆಯಲ್ಲಿ ಅಕ್ಷರ ಕಲಿತ ಸಾವಿತ್ರಿಬಾಯಿಯವರು ಅದೇ ಅಹಮದನಗರದಲ್ಲಿ ಫರಾರ್ ಅವರ ಬಳಿ ಶಿಕ್ಷಕಿಯ ತರಬೇತಿಯನ್ನು ಪಡೆದರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ದಂಪತಿಗಳ ಮೊದಲನೆಯ ಹೆಣ್ಣುಮಕ್ಕಳ ಶಾಲೆಯು ತೆರೆಯಿತು. ದಾರಿಯಲ್ಲಿ ಜನರು ಸೆಗಣಿಯನ್ನೂ ಕೆಸರನ್ನೂ ಎಸೆಯುತ್ತಿದ್ದುದರಿಂದ ಸಾವಿತ್ರಿಬಾಯಿಯವರು ಬದಲಾಯಿಸಿ ಉಡಲು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರೆಂಬ ಕಥೆಯು ಪ್ರಸಿದ್ಧವಾಗಿಯೇ ಇದೆ. 1854ರಲ್ಲಿ ‘ಕಾವ್ಯಫುಲೆ’ ಎಂಬ ಅವರ ಕವನಸಂಗ್ರಹವು ಪ್ರಕಟವಾಯಿತು. ಶಿಕ್ಷಕಿ, ಕವಯಿತ್ರಿ, ಸಮಾಜದ ಕಟ್ಟುಗಳನ್ನು ಮುರಿದ ಕಾರ್ಯಕರ್ತೆ, ಈ ಮೂವರೂ ಒಂದೇ ದೇಹದಲ್ಲಿ ಇದ್ದರು.

ಫುಲೆ ದಂಪತಿಗಳು ನಡೆಸುತ್ತಿದ್ದ ಇಂಥ ಶಾಲೆಯಲ್ಲಿ ಸುಮಾರು ಮೂರು ವರ್ಷ ಕಲಿತವಳು ಮುಕ್ತಾ. ಅವಳ ನಿಬಂಧದ ವಿಷಯವು ಮಾಂಗ-ಮಹಾರರ ದುಃಖ. ಅಮೇರಿಕನ್ ಮರಾಠಿ ಮಿಶನ್ನಿನವರು 1842ರಲ್ಲಿ ಆರಂಭಿಸಿದ ‘ಜ್ಞಾನೋದಯ’ ಪತ್ರಿಕೆಯು ಅದನ್ನು 1855ನೆಯ ಫೆಬ್ರುವರಿ 15 ಮತ್ತು ಮಾರ್ಚ 1ರ ಸಂಚಿಕೆಗಳಲ್ಲಿ ಎರಡು ಭಾಗಗಳಾಗಿ ಅಚ್ಚುಹಾಕಿತು. ಅವಳ ಬೇರೆ ಯಾವ ಬರಹವೂ ನಮ್ಮವರೆಗೆ ಉಳಿದು ಬಂದಿಲ್ಲ. ಆದರೆ ಕೆಲವೇ ಪುಟಗಳ ಆ ಒಂದು ನಿಬಂಧವನ್ನು ಇಂದಿಗೂ ಬಲ್ಲವರು ಗೌರವದಿಂದ ಓದುವರು.

ಓದಿದ ಶಿಕ್ಷಕಿಗೆ ಅದರಲ್ಲಿ ನಾಲ್ಕು ಗುಣಗಳು ಕಾಣುವವು. ಮೊದಲನೆಯದು, ಕಣ್ಣಿನಿಂದ ಕಂಡುದನ್ನು ಬರೆದಿರುವದು. ತನ್ನ ಜಾತಿಯ ಹೆಂಗಸರು ಹೆರುವಾಗ ಮೇಲೆ ಸೂರಿಲ್ಲದೆ ಮಳೆ-ಚಳಿಗಳಲ್ಲಿ ಪಡುವ ಸಂಕಟವನ್ನು ಅವಳು ಹೇಳುವಳು. ಎರಡನೆಯದು, ಹಿರಿಯರಿಂದ ಕೇಳಿದುದನ್ನು ಕಾಲ-ಸ್ಥಳಗಳೊಡನೆ ಬರೆದಿರುವದು. ಪೇಶವೆ ಬಾಜೀರಾವನ ಆಳಿಕೆಯಲ್ಲಿ ಮಾಂಗನಾಗಲಿ ಮಹಾರನಾಗಲಿ ತಾಲೀಮಖಾನೆಯ ಮುಂದೆ ಹಾಯ್ದರೆ ಆಗುತ್ತಿದ್ದ ಘೋರ ಶಿಕ್ಷೆಯನ್ನೂ, ದೊಡ್ಡವರ ವಾಡೆಗಳ ತಳಪಾಯದಲ್ಲಿ ತನ್ನವರನ್ನು ಹೂಳುತ್ತಿದ್ದ ಕ್ರೌರ್ಯವನ್ನೂ ಅವಳು ನಿರ್ಭಯವಾಗಿ ಹೇಳುವಳು. ಮೂರನೆಯದು, ತರ್ಕ. ವೇದವು ಬ್ರಾಹ್ಮಣರೊಬ್ಬರದೇ ಸ್ವತ್ತು, ಇತರರು ಅದನ್ನು ನೋಡಲೂ ಕೂಡದು ಎಂದಾದರೆ ತಮಗೆ ಧರ್ಮಗ್ರಂಥವೇ ಇಲ್ಲವಾಯಿತು; ಗ್ರಂಥವಿಲ್ಲದವರ ಧರ್ಮವಾವುದು ಎಂದು ಅವಳು ದೇವರನ್ನೇ ಕೇಳುವಳು. ನಾಲ್ಕನೆಯದು, ಯಾರಿಗಾಗಿ ಬರೆಯುತ್ತಿರುವೆನೆಂಬ ಅರಿವು. ದುಃಖವನ್ನು ತೋಡಿಕೊಂಡು ಅಷ್ಟಕ್ಕೇ ಅವಳು ನಿಲ್ಲುವದಿಲ್ಲ. ತನ್ನ ಜನರ ಕಡೆಗೆ ತಿರುಗಿ, ವಿದ್ಯೆಯನ್ನು ಕಲಿಯಿರೆಂದು ಕರೆಯುವಳು.

ಈ ನಿಬಂಧಕ್ಕೆ ನಾವು ಅಂದು ಗುಣಗಳನ್ನು ಹಾಕಬೇಕಾಗಿದ್ದರೆ ಎಷ್ಟು ಹಾಕುತ್ತಿದ್ದೆವು? ಈ ಪ್ರಶ್ನೆಯನ್ನು ನಮ್ಮನ್ನೇ ಕೇಳಿಕೊಂಡಾಗ ಲಜ್ಜೆಯಿಂದ ತಲೆ ತಗ್ಗಿತು.

ಆದರೆ ಒಂದು ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಹದಿನಾಲ್ಕರ ಬಾಲಿಕೆಗೆ ಇಷ್ಟು ತರ್ಕ ಎಲ್ಲಿಯದು? ಕಲಿಸಿದವರ ಮಾತನ್ನು ಅವಳು ಗಿಳಿಯಂತೆ ಒಪ್ಪಿಸಿರಬಾರದೇಕೆ? ತರ್ಕದ ರೀತಿಯನ್ನು ಅವಳು ಶಾಲೆಯಲ್ಲಿ ಕಲಿತಿರಬೇಕು, ಸಂಶಯವಿಲ್ಲ. ಅದನ್ನು ಕಲಿಸುವದಕ್ಕಾಗಿಯೇ ಶಾಲೆಯಿರುವದು. ಆದರೆ ಸೂರಿಲ್ಲದ ಬಾಣಂತಿಯ ನೋವನ್ನು ಯಾವ ಶಿಕ್ಷಕಿಯೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅದು ಅವಳ ಕೇರಿಯಿಂದಲೇ ಬಂದದ್ದು. ಅನುಭವವು ಶಿಷ್ಯೆಯದು, ಅದನ್ನು ಹೇಳುವ ಭಾಷೆಯನ್ನೂ ಅಳೆಯುವ ಬುದ್ಧಿಯನ್ನೂ ಕೊಟ್ಟದ್ದು ಶಾಲೆ. ನಮ್ಮ ಮೂಲ ಪ್ರಶ್ನೆಗೆ ಇದರಲ್ಲಿಯೇ ಉತ್ತರವಿದೆಯೆಂದು ನಾವು ನಂಬಿರುವೆವು. ಶಿಕ್ಷಕಿಯು ತನ್ನ ಮತವನ್ನು ಹುಡುಗಿಯರ ಬಾಯಿಗೆ ತುರುಕುವದು ಎಷ್ಟು ತಪ್ಪೋ, ಅವರು ಕಂಡ ಸತ್ಯವನ್ನು ‘ವಿಷಯಾಂತರ’ವೆಂದು ಹೊಡೆದುಹಾಕುವದೂ ಅಷ್ಟೇ ತಪ್ಪು. ಎರಡರಲ್ಲಿಯೂ ಹುಡುಗಿಯು ಪರರ ಮಾತನ್ನೇ ಬರೆಯುವಳು.

ಈ ತತ್ತ್ವವನ್ನು ನಿತ್ಯದ ಪಾಠದಲ್ಲಿ ಹೇಗೆ ನಡೆಸುವದು? ನಮ್ಮ ಶಾಲೆಯಲ್ಲಿ ಈಗ ಕೆಲವು ವರ್ಷಗಳಿಂದ ಪಾಲಿಸುತ್ತಿರುವ ಪದ್ಧತಿಯನ್ನು ಹೊಸ ಶಿಕ್ಷಕಿಯರ ಉಪಯೋಗಕ್ಕಾಗಿ ಹೇಳುವೆವು. ನಿಬಂಧದ ವಿಷಯವನ್ನು ಕೊಡುವಾಗ ಹಲಗೆಯ ಮೇಲೆ ಅಂಶಗಳನ್ನು ಬರೆಯುವದಿಲ್ಲ; ಒಂದು ವಾರ ಮುಂಚಿತವಾಗಿ ವಿಷಯವನ್ನು ಹೇಳಿ, ನೋಡಿಕೊಂಡು ಬರಲು ಕಳುಹಿಸುವೆವು. ಎಣಿಸಬಹುದಾದುದನ್ನು ಎಣಿಸಿಯೇ ಬರೆಯಬೇಕು. ಕಂಡುದು, ಕೇಳಿದುದು, ತನಗೆ ಅನಿಸಿದುದು, ಈ ಮೂರನ್ನು ಕಲಬೆರಕೆ ಮಾಡಕೂಡದು. ಯಾರನ್ನಾದರೂ ದೂರುವ ಮಾತು ಬಂದರೆ, ಆ ವ್ಯಕ್ತಿಯು ತನ್ನ ಪರವಾಗಿ ಏನು ಹೇಳಿಯಾನೆಂಬದನ್ನು ಮುಂದಿನ ವಾರ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು. ಈ ಎರಡನೆಯ ನಿಬಂಧವು ಹುಡುಗಿಯರಿಗೆ ಬಹಳ ಕಠಿಣವೆನಿಸುವದು. ಆದರೆ ಅದನ್ನು ಬರೆದ ಮೇಲೆ ಮೊದಲನೆಯದು ತಾನಾಗಿಯೇ ಗಟ್ಟಿಯಾಗುವದು. ಗುಣಗಳು ಸ್ಪಷ್ಟತೆಗೆ, ಆಧಾರಕ್ಕೆ, ಭಾಷೆಗೆ, ಅಭಿಪ್ರಾಯಕ್ಕೆ ಗುಣವಿಲ್ಲ. ಯಾವ ವಹಿಯನ್ನೂ ಬರೆದವಳ ಒಪ್ಪಿಗೆಯಿಲ್ಲದೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸುವದಿಲ್ಲ. ಏಕೆಂದರೆ ಹುಡುಗಿಯು ನಿಜವನ್ನು ಬರೆದರೆ ಮನೆಗೆ ಮರಳುವವಳೂ ಅವಳೇ, ಊರಲ್ಲಿ ಬಾಳಬೇಕಾದವಳೂ ಅವಳೇ. ಬರೆದುದರಲ್ಲಿ ಅವಳಿಗೇ ಅಪಾಯವಿರುವ ಸಂಗತಿಯೇನಾದರೂ ಕಂಡರೆ, ಗುಣ ಹಾಕುವ ಕೆಲಸವನ್ನು ಬದಿಗಿಟ್ಟು, ಅವಳ ರಕ್ಷಣೆಗೆ ಬೇಕಾದುದನ್ನು ಮಾಡುವದು ಶಿಕ್ಷಕಿಯ ಮೊದಲ ಕರ್ತವ್ಯವು.

ಇದರಿಂದ ತೊಂದರೆಗಳು ಬರುವದಿಲ್ಲವೆಂದು ಹೇಳಲಾರೆವು. ಒಮ್ಮೆ ಎಂಟನೆಯ ಇಯತ್ತೆಗೆ ‘ನಮ್ಮ ಮನೆಯ ಒಂದು ದಿನ’ ಎಂಬ ವಿಷಯವನ್ನು ಕೊಟ್ಟಿದ್ದೆವು. ಮೂರನೆಯ ದಿನ ಒಬ್ಬ ಪಾಲಕರು ಸಿಟ್ಟಿನಿಂದ ಬಂದರು. “ಅಕ್ಕೋರೆ, ಹುಡುಗೀಗೆ ನಾಕು ಅಕ್ಷರ ಕಲಸ್ರಿ. ನಮ್ಮ ಮನ್ಯಾಗ ರಾಜಕಾರಣ ತರಬ್ಯಾಡ್ರಿ” ಎಂದರು. ನಾವು ಅವರನ್ನು ಕೂಡ್ರಿಸಿ, ಮಗಳನ್ನು ಕರೆದು ಅವಳ ಒಪ್ಪಿಗೆಯನ್ನು ಕೇಳಿ, ವಹಿಯನ್ನು ಅವರ ಕೈಗೆ ಕೊಟ್ಟೆವು. ಬೆಳಗಿನಿಂದ ರಾತ್ರಿಯವರೆಗೆ ತಾಯಿಯೂ ತಾನೂ ಸೇರಿ ಹದಿನಾಲ್ಕು ಕೊಡ ನೀರು ತಂದೆವೆಂದೂ, ಅದಕ್ಕೆ ಎರಡು ತಾಸು ಹಿಡಿಯಿತೆಂದೂ, ಒಂದೇ ವರ್ಷ ಕಿರಿಯನಾದ ತಮ್ಮನು ಒಂದು ಕೊಡವನ್ನೂ ತರಲಿಲ್ಲವೆಂದೂ ಅವಳು ಬರೆದಿದ್ದಳು. ಬೈಗುಳಿರಲಿಲ್ಲ, ಘೋಷಣೆಯಿರಲಿಲ್ಲ, ಲೆಕ್ಕವಷ್ಟೇ ಇದ್ದಿತು. ಅವರು ನಿಧಾನವಾಗಿ ಬೆರಳಿಟ್ಟು ಓದಿದರು. “ಲೆಕ್ಕ ಖರೇ ಅದ” ಎಂದು ವಹಿಯನ್ನು ಮಡಚಿಟ್ಟು ಎದ್ದು ಹೋದರು. ಎರಡು ವಾರಗಳ ಮೇಲೆ ಅದೇ ಬಾಲಿಕೆಯ ವಹಿಯಲ್ಲಿ, ತಮ್ಮನು ಈಗ ಎರಡು ಕೊಡ ತರುವನೆಂಬ ಮಾತಿದ್ದಿತು. ‘ಎರಡೇ’ ಎಂದು ಅವಳು ಕೆಳಗೆ ಗೆರೆ ಎಳೆದಿದ್ದಳು.

ಇದು ರಾಜಕಾರಣವೆ? ಪಕ್ಷಗಳ ರಾಜಕಾರಣವಂತೂ ಅಲ್ಲ. ಯಾರಿಗೆ ಮತ ಕೊಡಬೇಕೆಂಬದನ್ನು ಶಾಲೆಯಲ್ಲಿ ಹೇಳತಕ್ಕದ್ದಲ್ಲ. ನಮ್ಮ ಮತವು ಯಾರಿಗೆಂಬದನ್ನು ನಮ್ಮ ಹುಡುಗಿಯರು ಇಂದಿಗೂ ಅರಿಯರು. ಆದರೆ ಭಾರ ಹೊರುವವರು ಯಾರು, ಹೊರದವರು ಯಾರು, ಈ ಹಂಚಿಕೆಯು ನ್ಯಾಯವೆ ಎಂದು ಕೇಳುವದೇ ರಾಜಕಾರಣವಾದರೆ, ಅದು ನಿಬಂಧದ ವಹಿಗೆ ಬರದೆ ಇರಲಾರದು. ಪಂಪನೂ ವಚನಕಾರರೂ ಕೇಳಿದುದು ಅದನ್ನೇ. ಅವರನ್ನು ಪಠ್ಯದಲ್ಲಿ ಇಟ್ಟುಕೊಂಡು ಹುಡುಗಿಯರಿಗೆ ಪ್ರಶ್ನೆ ಬೇಡವೆನ್ನುವದು, ದೀಪವನ್ನು ಹಚ್ಚಿ ಕೊಳಗದ ಕೆಳಗೆ ಇಟ್ಟಂತೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಉತ್ಸಾಹಿಗಳಾದ ಕೆಲವು ಶಿಕ್ಷಕಿಯರು ತಮ್ಮ ಹೋರಾಟಕ್ಕೆ ಹುಡುಗಿಯರನ್ನು ಮುಂದೆ ನಿಲ್ಲಿಸಲು ಬಯಸುವರು. ಇಲ್ಲಿ ಸಾವಿತ್ರಿಬಾಯಿಯವರ ನಡತೆಯು ನಮಗೆ ಪಾಠವಾಗಬೇಕು. ಬೀದಿಯ ಕೆಸರು ಬಿದ್ದುದು ಅವರ ಸೀರೆಯ ಮೇಲೆ. 1849ರಲ್ಲಿ ಮಾವನ ಮನೆಯನ್ನು ಬಿಟ್ಟು ಹೊರಡಬೇಕಾದುದು ಅವರೂ ಅವರ ಪತಿಯೂ. 1863ರಲ್ಲಿ ಅನಾಥ ಗರ್ಭಿಣಿಯರಾದ ವಿಧವೆಯರಿಗೆ ಆಶ್ರಯ ಕೊಟ್ಟಾಗ ಊರ ನಿಂದೆಯನ್ನು ಹೊತ್ತವರು ಅವರೇ. 1897ರಲ್ಲಿ ಪುಣೆಯ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತ, ಮಾರ್ಚ 10ರಂದು ಅದೇ ರೋಗದಿಂದ ತೀರಿಕೊಂಡವರೂ ಅವರೇ. ಪ್ರಜೆಯಾಗಿ ಶಿಕ್ಷಕಿಯು ತನ್ನ ಹೋರಾಟವನ್ನು ತಾನು ಮಾಡಬಹುದು, ಅದರ ಬೆಲೆಯನ್ನೂ ತಾನೇ ತೆರಬೇಕು. ಶಿಷ್ಯೆಗೆ ಅವಳು ಕೊಡಬೇಕಾದುದು ಸ್ವತಂತ್ರವಾದ ಕಣ್ಣು ಮತ್ತು ನೇರವಾದ ವಾಕ್ಯ. ಅವುಗಳಿಂದ ಮುಂದೆ ಏನು ಮಾಡಬೇಕೆಂಬದನ್ನು ಆ ಹುಡುಗಿಯು ದೊಡ್ಡವಳಾಗಿ ತಾನೇ ನಿರ್ಣಯಿಸುವಳು.

ಬರೆದುದರಿಂದ ಏನಾಗುವದೆಂದು ಕೇಳುವವರುಂಟು. ಅವರಿಗೆ ಒಂದು ಲೆಕ್ಕವನ್ನು ತೋರಿಸಬಹುದು. ಮುಕ್ತಾಳ ನಿಬಂಧವು ಅಚ್ಚಾದುದು 1855ರಲ್ಲಿ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿಯು ಜಾರಿಗೆ ಬಂದುದು 1950ರಲ್ಲಿ. ಅದನ್ನು ಆಚರಿಸಿದವರಿಗೆ ಶಿಕ್ಷೆಯನ್ನು ವಿಧಿಸುವ ಕಾಯಿದೆಯಾದುದು 1955ರಲ್ಲಿ. ಬಾಲಿಕೆಯ ಮಾತಿಗೂ ದೇಶದ ಕಾಯಿದೆಗೂ ನಡುವೆ ಸರಿಯಾಗಿ ನೂರು ವರ್ಷಗಳು. ಒಂದು ನಿಬಂಧದಿಂದ ಕಾಯಿದೆಯಾಯಿತೆಂದು ನಾವು ಹೇಳುವದಿಲ್ಲ. ಅಸಂಖ್ಯ ಜನರ ಬಾಯಿ, ಲೇಖಣಿ, ಕಾಲು, ಕಣ್ಣೀರು ಅದಕ್ಕೆ ಬೇಕಾದವು. ಆದರೆ ಅವುಗಳಲ್ಲಿ ಒಬ್ಬ ಶಾಲಾಬಾಲಿಕೆಯ ಲೇಖಣಿಯೂ ಇದ್ದಿತು. ಕಾಯಿದೆಯಾಗಿ ಐವತ್ತು ವರ್ಷಗಳು ಸರಿಯುತ್ತ ಬಂದಿದ್ದ ಕಾಲದಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಗೋಡೆಯ ಗೂಡಿನ ಕಪ್ಪನ್ನು ಕುರಿತು ಬರೆಯಬೇಕಾಯಿತೆಂಬದನ್ನೂ ಮರೆಯಕೂಡದು. ಕಾಯಿದೆಯು ಪುಸ್ತಕದಲ್ಲಿದ್ದಿತು, ಅದು ಊರ ಅಗಸೆಯವರೆಗೆ ಬಂದಿಲ್ಲವೆಂದು ನಮಗೆ ತಿಳಿಸಿದವಳು ಅವಳು. ನಾವು ಅವಳಿಗೆ ಅಂಶಗಳನ್ನು ಅನುಸರಿಸಲು ಹೇಳಿದೆವು.

ಆ ಬಾಲಿಕೆಯು ಈಗ ಎಲ್ಲಿರುವಳೋ! ಅವಳ ವಹಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳುವ ಅವಕಾಶವು ನಮಗೆ ಬಾರದು. ಶಿಕ್ಷಕಿಯ ತಪ್ಪುಗಳನ್ನು ತಿದ್ದಲು ಯಾರೂ ಕೆಂಪು ಮಸಿಯನ್ನು ಹಿಡಿದು ಕೂತಿರುವದಿಲ್ಲ, ಅವಳೇ ತಿದ್ದಿಕೊಳ್ಳಬೇಕು. ನಮ್ಮ ಕಿರಿಯ ಸಹೋದ್ಯೋಗಿಗಳಲ್ಲಿ ನಾವು ಬೇಡುವದು ಒಂದೇ ಮಾತು. ರಾತ್ರಿ ನಲವತ್ತು ವಹಿಗಳ ರಾಶಿಯ ಮುಂದೆ ಕಣ್ಣು ಕೂರುತ್ತಿರುವಾಗ, ಕೊಟ್ಟ ವಿಷಯವನ್ನು ಬಿಟ್ಟು ಎಲ್ಲಿಗೋ ಹೋದ ನಿಬಂಧವೊಂದು ಕೈಗೆ ಸಿಕ್ಕರೆ, ಅಂಚಿನಲ್ಲಿ ಏನನ್ನಾದರೂ ಬರೆಯುವ ಮೊದಲು ಅದನ್ನು ಇನ್ನೊಮ್ಮೆ ಓದಿರಿ.